ಬೆಂಕಿಪುರದ ಇಟ್ಟಿಗೆ

ಲೋ ಮಾರಾಯ,

ಹೋದ ಭಾನುವಾರ ನೀನಿಲ್ದೆ ಭದ್ರಾವತಿಗೆ ಹೋಗಿದ್ದೆ ಕಣೋ. ಶಿವಮೊಗ್ಗದಿಂದ ಮೊದಲನೇ ಬಸ್ಸು ಹಿಡಿದು ಏಳಕ್ಕೆಲ್ಲ ನ್ಯೂಟೌನ್ ಕಡೆ ಇದ್ದೆ. ಕಬ್ಬಿಣದ ಕಾರ್ಖಾನೆ ಶುರುವಾದ ಕಾಲದ್ದು ಅನ್ನೋ ಒಂದು ಇಟ್ಟಿಗೆ ಕಟ್ಟಡ ಇನ್ನೂ ಗಟ್ಟಿಯಾಗಿ ನಿಂತಿದೆ, ಗಾರೆ ಉದುರಿದ ಕಡೆಯೆಲ್ಲ ಕೆಂಪು ಇಟ್ಟಿಗೆ, ಅದರ ಮೇಲೆ ಎಳೆಬಿಸಿಲು ಬಿದ್ದಿತ್ತು ನೋಡು, 140 ಫೋಟೋ ಹೊಡೆದೆ. ಒಂದು ಇಟ್ಟಿಗೆ ಮೂಲೇಲಿ ಮೂರು ಬೆರಳಿನ ಗುರುತು ಇದೆ, ಹಸಿ ಇರುವಾಗ ಯಾರೋ ಎತ್ತಿಟ್ಟಿದ್ದು. ನನ್ನ ಬೆರಳಿಟ್ಟು ನೋಡಿದೆ, ನನಗಿಂತ ಸಣ್ಣ ಕೈ. ಗುರುತಿನೊಳಗೆ ಮಸಿ ಕೂತಿದೆ, ಉಗುರಲ್ಲಿ ಕೆರೆದರೂ ಬರಲ್ಲ. ಅದನ್ನೇ ಹತ್ತಿರದಿಂದ ಇಪ್ಪತ್ತು ಸಲ ತೆಗೆದೆ.

ಮನೆಗೆ ಬಂದು ಫೋಟೋ ಹಾಕೋಕೆ ಕೂತೆ. 1918ರಲ್ಲಿ ಕೆಲಸ ಶುರು, 1923ರಲ್ಲಿ ಬೀಡುಕಬ್ಬಿಣ ಬಂತು, ವಿಶ್ವೇಶ್ವರಯ್ಯನವರು, ಕೆಮ್ಮಣ್ಣುಗುಂಡಿ ಅದಿರು, ಎಲ್ಲ ಟೈಪ್ ಮಾಡಿದೆ. ಆಗ ಕುಲುಮೆಗೆ ಹಾಕ್ತಿದ್ದಿದ್ದು ಕಲ್ಲಿದ್ದಲು ಅಲ್ಲ, ನಮ್ಮ ಮಲೆನಾಡಿನ ಮರ ಸುಟ್ಟ ಇದ್ದಿಲು ಅಂತ ಬರೆಯೋ ಹೊತ್ತಿಗೆ ಕೈ ನಿಂತುಹೋಯ್ತು.

ಆ ಇದ್ದಿಲು ಸುಟ್ಟೋರಲ್ಲಿ ನಮ್ಮಜ್ಜನೂ ಒಬ್ಬ. ನಿನಗೂ ಹೇಳಿರಲಿಲ್ಲ. ಕಾಡಲ್ಲೇ ಗುಡಿಸಲು ಹಾಕ್ಕೊಂಡು, ಸೌದೆ ಒಟ್ಟಿ, ಮೇಲೆ ಸೊಪ್ಪು ಮಣ್ಣು ಮುಚ್ಚಿ ಬೆಂಕಿ ಕೊಟ್ಟು, ಎಲ್ಲಾದ್ರೂ ಬಿರುಕು ಬಿಟ್ಟು ಗಾಳಿ ಹೊಕ್ಕರೆ ಅಷ್ಟೂ ಬೂದಿ ಆಗುತ್ತಲ್ಲ, ಅದಕ್ಕೆ ರಾತ್ರಿಯಿಡೀ ಕಾಯ್ತಾ ಕೂರ್ತಿದ್ದನಂತೆ. ಬಿಳಿ ಹೊಗೆ ಹೋಗಿ ನೀಲಿ ಬಂದ್ರೆ ಬೆಂತು ಅಂತ ಲೆಕ್ಕ. ಕೊನೇವರೆಗೂ ಅವನ ಬಾಯಲ್ಲಿ ಭದ್ರಾವತಿ ಅಂತ ಬರ್ಲಿಲ್ಲ, ಊರಿನ ಹಳೇ ಹೆಸರು ಬೆಂಕಿಪುರಾನೇ. ಉಗುರಿನ ಸಂದಿಯ ಕಪ್ಪೂ ಹೋಗ್ಲಿಲ್ಲ.

ಅಕ್ಕನ ಮದುವೇಲಿ ಮಾವನ ಕ್ಯಾಮೆರಾ ಮೊದಲನೇ ಸಲ ನನ್ನ ಕೈಗೆ ಬಂತು. ಅಜ್ಜನ್ನ ಕುರ್ಚಿ ಮೇಲೆ ಕೂರಿಸಿ, "ಅಜ್ಜಾ, ಕೈ ಟವೆಲ್ ಒಳಗಿಟ್ಕೋ, ಕಪ್ಪು ಕಾಣುತ್ತೆ" ಅಂದೆ. ಅಜ್ಜ ಒಂದು ಮಾತೂ ಆಡದೆ ಇಟ್ಟುಕೊಂಡ. ನಮ್ಮನೇಲಿ ಅವನ ಫೋಟೋ ಅಂತ ಇರೋದು ಅದೊಂದೇ ಕಣೋ. ಅದರಲ್ಲಿ ಕೈ ಇಲ್ಲ.

ಯಾವನದೋ ಮಸಿ ಬೆರಳಿನ ಗುರುತನ್ನ ಇಪ್ಪತ್ತು ಸಲ ತೆಗೆದೆ ನೋಡು.

ಇಷ್ಟೆಲ್ಲ ಎಲ್ಲರೆದುರು ಹೇಳಬೇಕು ಅಂತ ಕೂತಿರಲಿಲ್ಲ. ಇರಲಿ ಬಿಡು. ಮುಂದಿನ ವಾರ ಬಾ, ಇಬ್ರೂ ಹೋಗೋಣ, ಟ್ರೈಪಾಡ್ ನೀನೇ ಹೊರಬೇಕು, ಕವಲೇದುರ್ಗದಲ್ಲೇ ಮಾತಾಗಿದೆ. ಆಮೇಲೆ ಅಮ್ಮನ ಎದುರು ಆ ಛತ್ರಿ ವಿಷಯ ಎತ್ತಬೇಡ, ಅವಳು ಇನ್ನೂ ಮರೆತಿಲ್ಲ.