ನಗು ಎಲ್ಲಿ ನಿಂತಿತು ಅಂತ ಹೇಳು

ಪ್ರೀತಿಯ ತಮ್ಮಾ,

ಭಾನುವಾರ ರಾತ್ರಿ ನೀನು ಕಳಿಸಿದ ಮೆಸೇಜ್ ಓದಿದೆ. "ಅಕ್ಕಾ, ಇನ್ಮೇಲೆ ನಾನು ಹಾಸ್ಯ ಬರೆಯಲ್ಲ." ಇಷ್ಟೇ ಇತ್ತು. ನೀನು ಕಾಫಿ ಕೂಡ ಕುಡಿಯದೆ ಎದ್ದು ಹೋದಾಗಲೇ ನನಗೆ ಅನುಮಾನ ಬಂದಿತ್ತು. ಫೋನಿನಲ್ಲಿ ಎರಡು ಮಾತು ಸಮಾಧಾನ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಆವತ್ತು ಏನಾಯಿತು ಅಂತ ಒಂದು ಸಲ ನೆನಪು ಮಾಡಿಕೋ. ಬಸವನಗುಡಿಯ ಆ ಮನೆಯ ಮಹಡಿ ಮೇಲೆ, ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳುವ ನಮ್ಮ ಗುಂಪಿನ ಒಂಬತ್ತು ಜನ ಇದ್ದೆವು. ನೀನು ನೀರಿನ ಟ್ಯಾಂಕರ್ ಬಗ್ಗೆ ಬರೆದದ್ದನ್ನು ಓದಿದೆ. ಮುಗಿದ ತಕ್ಷಣ ನಾಲ್ಕು ಜನ "ಸೂಪರ್" ಅಂದರು. ಇಬ್ಬರು "ಚೆನ್ನಾಗಿದೆ, ಹೀಗೇ ಬರೀತಿರಿ" ಅಂದರು. ಒಬ್ಬರು ಮಾತ್ರ "ನನಗೆ ನಗು ಬರಲಿಲ್ಲ" ಅಂದರು. ನಿನ್ನ ಮನಸ್ಸಿಗೆ ಚುಚ್ಚಿದ್ದು ಆ ಒಂದೇ ಮಾತು.

ನನ್ನನ್ನು ಕೇಳಿದರೆ, ಆ ಏಳು ಜನರಲ್ಲಿ ಒಬ್ಬರೂ ನಿನ್ನ ಕೆಲಸಕ್ಕೆ ಬರುವ ಮಾತು ಹೇಳಲಿಲ್ಲ. ಸೂಪರ್ ಅಂದವರೂ ಇಲ್ಲ, ನಗು ಬರಲಿಲ್ಲ ಅಂದವರೂ ಇಲ್ಲ. ನಗು ಎಲ್ಲಿ ಬಂತು, ಎಲ್ಲಿ ನಿಂತಿತು ಅಂತ ಯಾರಾದರೂ ಹೇಳಿದ್ದರೆ ನೀನು ಮನೆಗೆ ಹೋಗಿ ಪೆನ್ನು ಹಿಡಿಯುತ್ತಿದ್ದೆ, ಆ ಮೆಸೇಜ್ ಕಳಿಸುತ್ತಿರಲಿಲ್ಲ. ಗೊತ್ತಿದ್ದೂ ಸುಮ್ಮನೆ ಕೂತಿದ್ದು ನನ್ನ ತಪ್ಪು. ಅದನ್ನು ಈಗ ಸರಿ ಮಾಡುತ್ತೇನೆ.

ನಮ್ಮ ಮನೆಯಲ್ಲಿ ಕೊರವಂಜಿಯ ಹಳೇ ಸಂಚಿಕೆಗಳ ಒಂದು ಕಟ್ಟು ಇತ್ತು. ರಾ.ಶಿ. ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ ಎಂ. ಶಿವರಾಂ ಅವರು 1942ರಲ್ಲಿ ಶುರು ಮಾಡಿದ ಹಾಸ್ಯ ಪತ್ರಿಕೆ ಅದು. ವೃತ್ತಿಯಲ್ಲಿ ಅವರು ಡಾಕ್ಟರ್. 25 ವರ್ಷ ನಡೆದು 1967ರಲ್ಲಿ ಪತ್ರಿಕೆ ನಿಂತಾಗ ನಾನಿನ್ನೂ ಸ್ಕೂಲಿಗೆ ಸೇರಿರಲಿಲ್ಲ. ಆದರೆ ಅಪ್ಪ ಆ ಕಟ್ಟನ್ನು ಬಿಸಾಕಲಿಲ್ಲ. ಸಂಜೆ ಅಡುಗೆಮನೆ ಹೊಸಿಲ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು, ಅಮ್ಮ ಚಪಾತಿ ಲಟ್ಟಿಸುತ್ತಾ ಕೇಳುತ್ತಿದ್ದರು. ಟಿ. ಸುನಂದಮ್ಮನವರ ಹಾಸ್ಯ ಲೇಖನ ಬಂದರೆ ಅಮ್ಮನ ಲಟ್ಟಣಿಗೆ ನಿಂತುಬಿಡುತ್ತಿತ್ತು. ಮನೆಯೊಳಗಿನ ಮಾತು, ಗಂಡ ಹೆಂಡಿರ ಸಣ್ಣ ಜಗಳ, ಎಲ್ಲ ಅಮ್ಮನಿಗೆ ಗೊತ್ತಿದ್ದದ್ದೇ ಅಲ್ವಾ. ಇನ್ನು ಕೆಲವು ಲೇಖನಕ್ಕೆ ಲಟ್ಟಣಿಗೆ ಒಂದು ಸಲವೂ ನಿಲ್ಲುತ್ತಿರಲಿಲ್ಲ. ಅಪ್ಪ ಅದೇ ಸಾಲನ್ನು ಇನ್ನೊಂದು ಸಲ, ಇನ್ನೂ ಜೋರಾಗಿ ಓದುತ್ತಿದ್ದರು. ಆಗಲೂ ನಿಲ್ಲುತ್ತಿರಲಿಲ್ಲ. ಅಮ್ಮ ಒಂದು ದಿನವೂ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಹೇಳಿದವರಲ್ಲ. ಆದರೆ ಯಾವ ಸಾಲು ಗೆದ್ದಿತು, ಯಾವುದು ಸೋತಿತು ಅಂತ ನನಗೆ ಆ ಲಟ್ಟಣಿಗೆಯಿಂದಲೇ ತಿಳಿಯುತ್ತಿತ್ತು.

ಹಾಸ್ಯ ಬರೆಯುವವರಿಗೆ ಇರುವ ಅನುಕೂಲ ಇದು. ಕವಿತೆ ಓದಿದರೆ ಕೇಳಿದವರ ಒಳಗೆ ಏನಾಯಿತು ಅಂತ ಅವರು ಹೇಳುವ ತನಕ ಗೊತ್ತಾಗುವುದಿಲ್ಲ. ನಗು ಹಾಗಲ್ಲ, ಕಿವಿಗೇ ಕೇಳಿಸುತ್ತದೆ. ಮರ್ಯಾದೆಗೆ ನಗುವ ನಗುವೂ ಕೇಳಿಸುತ್ತದೆ. ಅದು ಸಾಲು ಮುಗಿದು ಸ್ವಲ್ಪ ಹೊತ್ತಾದ ಮೇಲೆ, ಅಕ್ಕಪಕ್ಕದವರ ಮುಖ ನೋಡಿಕೊಂಡು ಬರುತ್ತದೆ. ನಿಜವಾದ ನಗು ಯಾರಿಗೂ ಕಾಯುವುದಿಲ್ಲ. ನೀನು ತಲೆ ತಗ್ಗಿಸಿ ಗಡಗಡ ಓದಿದ್ದರಿಂದ ಎರಡೂ ನಿನಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಆರು ಕಡೆ ನಿಜವಾದ ನಗು ಬಂತು. ಆರು ಕಡೆ! ಮೂರು ಪುಟದ ಲೇಖನಕ್ಕೆ ಅದು ಕಡಿಮೆ ಅಲ್ಲ.

ಈಗ ನಗು ನಿಂತ ಜಾಗಕ್ಕೆ ಬರೋಣ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಅಪಾರ್ಟ್‌ಮೆಂಟ್‌ಗಳ ಮುಂದೆ ಟ್ಯಾಂಕರ್‌ಗೆ ಕಾದದ್ದು ಈ ಊರಿನಲ್ಲಿ ಎಲ್ಲರಿಗೂ ನೆನಪಿದೆ. ವಿಷಯ ಒಳ್ಳೆಯದೇ. ನೀನು ಬರೆದ ಸಾಲು ಇದು: "ಟ್ಯಾಂಕರ್ ಬಂದಾಗ ನಮ್ಮ ಸೆಕ್ರೆಟರಿಯವರೇ ಎಲ್ಲರಿಗಿಂತ ಮೊದಲು ಎರಡು ಕೈಯಲ್ಲೂ ಬಕೆಟ್ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದರು, ಹಿಂದಿನ ದಿನ ತಾನೇ ಮೀಟಿಂಗಿನಲ್ಲಿ ನೀರು ಉಳಿಸಿ ಅಂತ ಒಂದು ಗಂಟೆ ಭಾಷಣ ಮಾಡಿದ್ದ ಅವರನ್ನು ನೋಡಿ ನಮಗೆಲ್ಲ ತುಂಬಾ ನಗು ಬಂತು."

ಗುಟ್ಟನ್ನು ಸಾಲಿನ ಶುರುವಿನಲ್ಲೇ ಬಿಟ್ಟುಕೊಟ್ಟಿದ್ದೀಯ, ನೋಡು. ಸೆಕ್ರೆಟರಿ ಅಂತ ಮೊದಲೇ ಗೊತ್ತಾದ ಮೇಲೆ ಭಾಷಣದ ಮಾತು ಬರೀ ವರದಿ ಆಗುತ್ತದೆ. ಕನ್ನಡದಲ್ಲಿ ಪದಗಳನ್ನು ಹಿಂದೆ ಮುಂದೆ ಮಾಡುವ ಸ್ವಾತಂತ್ರ್ಯ ಇದೆ, ಅದನ್ನು ಬಳಸಿಕೋ. "ಮೀಟಿಂಗಿನಲ್ಲಿ ನೀರು ಉಳಿಸಿ ಅಂತ ಸೆಕ್ರೆಟರಿ ಒಂದು ಗಂಟೆ ಮಾತಾಡಿದರು. ಮಾರನೇ ದಿನ ಟ್ಯಾಂಕರ್ ಬಂತು. ಎರಡು ಕೈಯಲ್ಲೂ ಬಕೆಟ್ ಹಿಡಿದು ಎಲ್ಲರಿಗಿಂತ ಮೊದಲು ಗೇಟಿನ ಹತ್ತಿರ ನಿಂತಿದ್ದವರು ಅವರೇ." ಪದಗಳು ಹೆಚ್ಚುಕಡಿಮೆ ನಿನ್ನವೇ. "ಅವರೇ" ಅನ್ನುವುದು ಕೊನೆಗೆ ಹೋಯಿತು, ಅಷ್ಟೇ. "ನಮಗೆಲ್ಲ ನಗು ಬಂತು" ಅನ್ನುವುದನ್ನು ಕಿತ್ತು ಹಾಕು. ಓದುವವರು ನಗುವ ಮೊದಲೇ ನೀನು ನಕ್ಕುಬಿಟ್ಟರೆ ಅವರಿಗೆ ಏನು ಉಳಿಯಿತು?

ಬೇರೆಯವರದ್ದನ್ನು ಓದುವಾಗ ನೀನೂ ಇಷ್ಟನ್ನೇ ಮಾಡು. ಪೆನ್ಸಿಲ್ ಹಿಡಿದು ಓದು. ನಗು ಬಂದ ಕಡೆ ಗೆರೆ ಎಳಿ. ಮನಸ್ಸು ಬೇರೆ ಕಡೆ ಹೋದ ಜಾಗಕ್ಕೆ ಚುಕ್ಕಿ ಇಡು. ಇದನ್ನು ಮೊದಲ ಓದಿನಲ್ಲೇ ಮಾಡಬೇಕು. ಎರಡನೇ ಸಲ ಓದುವಾಗ ಮುಂದೆ ಏನು ಬರುತ್ತದೆ ಅಂತ ಗೊತ್ತಿರುತ್ತದೆ, ಒಳ್ಳೆಯ ಸಾಲೂ ಸಪ್ಪೆ ಅನ್ನಿಸುತ್ತದೆ. ನಿನ್ನ ಲೇಖನ ಕೊಡುವಾಗಲೂ ಇದು ನೆನಪಿರಲಿ. ನಾಲ್ಕು ಜನ ಗೆಳೆಯರಿದ್ದರೆ ನಾಲ್ವರಿಗೂ ಒಟ್ಟಿಗೆ ಕೊಟ್ಟುಬಿಡಬೇಡ. ಇಬ್ಬರಿಗೆ ಕೊಡು, ತಿದ್ದು, ಆಮೇಲೆ ಉಳಿದಿಬ್ಬರಿಗೆ ಕೊಡು. ಒಬ್ಬ ಮನುಷ್ಯನನ್ನು ಒಂದೇ ಮಾತಿನಿಂದ ಎರಡು ಸಲ ಚಕಿತಗೊಳಿಸುವುದು ಆಗದ ಕೆಲಸ.

ನಮ್ಮ ಗುಂಪಿನಲ್ಲಿ ಇನ್ನೊಂದು ಅಭ್ಯಾಸ ಇದೆ, ನನಗೆ ಅದು ಸ್ವಲ್ಪವೂ ಹಿಡಿಸುವುದಿಲ್ಲ. ಯಾರಾದರೂ ಓದಿ ಮುಗಿಸಿದ ಕೂಡಲೇ "ಅಲ್ಲಿ ಹೀಗೆ ಹೇಳಿದ್ರೆ ಇನ್ನೂ ಮಜಾ ಇರ್ತಿತ್ತು" ಅಂತ ತಮ್ಮ ಜೋಕು ಹೇಳುವುದು. ಅದಕ್ಕೆ ಮೂರನೆಯವರು ಇನ್ನೊಂದು ಸೇರಿಸುವುದು. ಹತ್ತು ನಿಮಿಷ ಎಲ್ಲರೂ ನಗುತ್ತಾರೆ, ಬರೆದವನು ಮೂಲೆಯಲ್ಲಿ ಕಾಗದ ಮಡಚಿಕೊಂಡು ಕೂತಿರುತ್ತಾನೆ. ಅವನು ನೋಡಿದ ಲೋಕ ಅವನದು. ಅಲ್ಲಿ ನಿನ್ನ ಜೋಕಿಗೆ ಜಾಗ ಹುಡುಕಬೇಡ.

ಪದಗಳ ಆಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪದಗಳ ಆಟಕ್ಕೆ ಹೆಸರಾದ ನಾಟಕಕಾರ ಕೈಲಾಸಂ ಓಡಾಡಿದ ಊರು ಇದು, ಆ ಚಪಲ ನಮ್ಮೆಲ್ಲರಿಗೂ ಇದೆ. ಪದದ ಆಟ, ಅಂದರೆ ಪನ್, ತೆಗೆದರೂ ಸನ್ನಿವೇಶದಲ್ಲಿ ನಗು ಉಳಿಯುತ್ತದಾ ಅಂತ ಗೆಳೆಯನನ್ನು ಕೇಳು. ಉಳಿಯುವುದಾದರೆ ಪನ್ ಇರಲಿ.

ಇನ್ನು ಒಂದು ಮಾತು, ಇದನ್ನು ಹೇಳುವುದು ನನಗೆ ಸುಲಭ ಅಲ್ಲ. ನಿನ್ನ ವಯಸ್ಸಿನಲ್ಲಿ ನಮ್ಮ ಮನೆಗೆಲಸದವರ ಕನ್ನಡದ ಬಗ್ಗೆ ನಾನೊಂದು ಲೇಖನ ಬರೆದೆ. ಅವರು ಗಡಿಯಾಚೆಯ ಹಳ್ಳಿಯಿಂದ ಬಂದವರು, ಕೆಲವು ಪದ ತಿರುಗುಮುರುಗು ಆಗುತ್ತಿತ್ತು. ಓದಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬ ಗೆಳತಿ ಮಾತ್ರ ನಗಲಿಲ್ಲ. ಎಲ್ಲರ ಎದುರಿಗೆ ಏನೂ ಹೇಳಲಿಲ್ಲ. ಬಸ್ ಸ್ಟಾಪಿನವರೆಗೆ ಜೊತೆಯಲ್ಲಿ ಬಂದು, "ನಾಳೆ ಬೆಳಿಗ್ಗೆ ಅವರು ಕೆಲಸಕ್ಕೆ ಬಂದಾಗ ಇದನ್ನ ಓದಿ ಹೇಳ್ತೀಯಾ?" ಅಂತ ಕೇಳಿದಳು. ನನಗೆ ಉತ್ತರ ಬರಲಿಲ್ಲ. ಮನೆಗೆ ಬಂದು ಆ ಲೇಖನ ಹರಿದು ಹಾಕಿದೆ. ಅದರ ಬದಲು ಬರೆದದ್ದು ಆ ಅಮ್ಮನ ಮಾತು ತಿದ್ದಲು ಹೋಗಿ ತಾನೇ ತಪ್ಪು ಮಾತಾಡುವ ಒಡತಿಯ ಕಥೆ. ಅದು ಅಚ್ಚಾಯಿತು. ಅದನ್ನು ಅವರಿಗೂ ಓದಿ ಹೇಳಿದೆ, ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗು ಜೋರಾಗಿ ಬಂದ ದಿನವೂ ನಗದೆ ಕೂತವರ ಕಡೆ ಒಂದು ಸಲ ನೋಡು. ಧಾರವಾಡದ ಮಾತು, ಮಂಗಳೂರಿನ ಮಾತು ಕೇಳಿದರೆ ಸಾಕು ನಗುವ ಜನ ಈ ಊರಲ್ಲಿ ಇದ್ದಾರೆ. ಅಂಥದ್ದು ಗುಂಪಿನಲ್ಲಿ ಬಂದರೆ ನನ್ನ ಗೆಳತಿಯ ಹಾಗೆ ಪಕ್ಕಕ್ಕೆ ಕರೆದು ಕೇಳು.

ಯಾರಾದರೂ ನಿನಗೆ "ನಗು ಬರಲಿಲ್ಲ" ಅಂದರೆ ಜೋಕನ್ನು ಬಿಡಿಸಿ ಹೇಳಲು ಹೋಗಬೇಡ. "ಎಲ್ಲಿಯ ತನಕ ಚೆನ್ನಾಗಿತ್ತು?" ಅಂತ ಕೇಳು. ಆವತ್ತು ಹಾಗೆ ಅಂದವರನ್ನು ನಾನು ನಿನ್ನೆ ಫೋನ್ ಮಾಡಿ ಅದನ್ನೇ ಕೇಳಿದೆ. "ಬಕೆಟ್ ಬರೋ ತನಕ ಚೆನ್ನಾಗಿತ್ತು, ಆಮೇಲೆ ಎಳೀತು" ಅಂದರು. ನನ್ನ ಚುಕ್ಕಿ ಇರುವುದೂ ಅಲ್ಲೇ.

ನೀನು ಬಿಟ್ಟುಹೋದ ಮೂರು ಪುಟ ನನ್ನ ಹತ್ತಿರ ಇವೆ. ಆರು ಗೆರೆ ಎಳೆದು, ನಾಲ್ಕು ಚುಕ್ಕಿ ಇಟ್ಟು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ತಿದ್ದಿ ಶನಿವಾರದ ಒಳಗೆ ನನಗೆ ತಲುಪಿಸು. ಮುಂದಿನ ಭಾನುವಾರ ಅದನ್ನು ನೀನು ಓದುವುದು ಬೇಡ, ನಾನು ಓದುತ್ತೇನೆ. ನೀನು ಬಾಗಿಲ ಹತ್ತಿರ, ಎಲ್ಲರ ಮುಖ ಕಾಣುವ ಕುರ್ಚಿಯಲ್ಲಿ ಕೂತು ಕೇಳು. ಕಾಫಿ ಕುಡಿದೇ ಹೋಗಬೇಕು.

ನಿನ್ನ ಅಕ್ಕ