ಪಿಕಪ್‌ ಎತ್ತರಿಸುವ ಮುನ್ನ ಘಾಟಿ ನೆನಪಿರಲಿ

ಮಾನ್ಯ ಸಂಪಾದಕರೇ,

ಮೂಡಿಗೆರೆ, ಚಿಕ್ಕಮಗಳೂರು ಸುತ್ತಮುತ್ತ ಪಿಕಪ್‌ಗಳ ಮುಂಭಾಗಕ್ಕೆ ಸ್ಪೇಸರ್ (ಎತ್ತರ ಹೆಚ್ಚಿಸುವ ದಪ್ಪ ಬಿಲ್ಲೆ) ಕೂರಿಸಿ ಹಿಂಭಾಗದ ಮಟ್ಟಕ್ಕೆ ಎತ್ತಿಸಿ, ದೊಡ್ಡ ಟೈರ್ ಹಾಕಿಸುವುದನ್ನು ಕಾಣುತ್ತಿದ್ದೇವೆ. ಮಳೆಗಾಲದಲ್ಲಿ ತೋಟದ ಕೆಸರುದಾರಿಯಲ್ಲಿ ಓಡಾಡುವವರಿಗೆ ಗಾಡಿ ತುಸು ಎತ್ತರವಿರಲಿ ಎನಿಸುವುದು ಸಹಜವೇ. ಆದರೆ ತಯಾರಕರು ಹಿಂಭಾಗವನ್ನು ಎತ್ತರವಾಗಿಟ್ಟಿರುವುದು, ಹೊರೆ ಬಿದ್ದು ಲೀಫ್ ಸ್ಪ್ರಿಂಗ್ ಬಾಗಿದಾಗ ವಾಹನ ಸಮತಟ್ಟಾಗಲಿ ಎಂದು. ಮುಂಭಾಗವನ್ನೂ ಎತ್ತಿಸಿದ ಗಾಡಿಗೆ ಕಾಫಿ ಮೂಟೆ ಹೇರಿದರೆ ಹಿಂದೆ ಕುಸಿದು ಮೂತಿ ಮೇಲೇಳುತ್ತದೆ, ಹೆಡ್‌ಲೈಟ್‌ ಬೆಳಕು ಎದುರು ಬರುವವರ ಕಣ್ಣಿಗೆ ರಾಚುತ್ತದೆ. ಚಾರ್ಮಾಡಿ ಘಾಟಿಯ ಮಂಜು ಮುಸುಕಿದ ತಿರುವಿನಲ್ಲಿ, ಪಕ್ಕದಲ್ಲೇ ಪ್ರಪಾತವಿರುವಾಗ, ಆ ಬೆಳಕಿಗೆ ಸಿಕ್ಕ ಬೈಕ್ ಸವಾರನಿಗೆ ರಸ್ತೆಯ ಅಂಚೇ ಕಾಣುವುದಿಲ್ಲ.

ಟೈರಿನ ವ್ಯಾಸ ಶೇ 10ರಷ್ಟು ಹೆಚ್ಚಿದರೆ ಮೀಟರ್ 60 ತೋರಿಸುವಾಗ ನಿಜವಾದ ವೇಗ ಸುಮಾರು 66 ಕಿ.ಮೀ. ಆಗಿರುತ್ತದೆ. ಬ್ರೇಕ್ ಮಾತ್ರ ಹಳೆಯದೇ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ಮಡ್‌ಗಾರ್ಡ್‌ಗೆ ಉಜ್ಜುವ ಟೈರಿನ ಅಂಚು ಸವೆದು ಹರಿಯತೊಡಗುತ್ತದೆ.

ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಸ್ಪಷ್ಟಪಡಿಸಿದೆ. ದಂಡಕ್ಕಿಂತ ಮೊದಲು ತಿಳಿವಳಿಕೆ ಬೇಕು ಎಂಬುದು ನನ್ನ ಅಭಿಪ್ರಾಯ. ಗ್ಯಾರೇಜಿನವರು ಕೆಲಸ ಒಪ್ಪಿಕೊಳ್ಳುವ ಮುನ್ನ ಈ ಸಂಗತಿಗಳನ್ನು ಗ್ರಾಹಕರಿಗೆ ಬಿಡಿಸಿ ಹೇಳಲಿ. ಸಾರಿಗೆ ಇಲಾಖೆ ಮಳೆಗಾಲಕ್ಕೆ ಮುಂಚೆಯೇ ಘಾಟಿ ಆರಂಭವಾಗುವ ಕೊಟ್ಟಿಗೆಹಾರದಲ್ಲಿ ಹೊರೆ ಹೊತ್ತ ಪಿಕಪ್‌ಗಳ ಹೆಡ್‌ಲೈಟ್ ಮಟ್ಟವನ್ನೂ ಟೈರಿನ ಅಳತೆಯನ್ನೂ ತಪಾಸಣೆ ಮಾಡಲಿ.

— ಕಾಫಿ ಬೆಳೆಗಾರ, ಮೂಡಿಗೆರೆ