ಆ ರಾತ್ರಿ ಬೆಳಕು ಕೊಟ್ಟ ಅಣ್ಣನಿಗೆ

ಮ್ಯಾಂಡೆವಿಲ್‌ನ ನಮ್ಮ ಮನೆಯಲ್ಲಿ ಅತ್ತೆಯ ‘ನೈನ್ ನೈಟ್’. ತೀರಿಹೋದವರನ್ನು ನೆನೆದು, ಹಾಡಿ, ಉಂಡು, ಡಾಮಿನೋ ಆಡಿ ಬೀಳ್ಕೊಡುವ ಜಮೈಕಾದ ರಾತ್ರಿ ಅದು. ಅಂಗಳ ತುಂಬ ಜನ. ಕರೆಂಟು ಹೋಯಿತು.

ಆಗ ನೀವು ನಿಮ್ಮ ರೂಟ್ ಟ್ಯಾಕ್ಸಿಯನ್ನು (ಗೊತ್ತಾದ ದಾರಿಯಲ್ಲಿ ಓಡುವ ಶೇರ್ ಟ್ಯಾಕ್ಸಿ) ಅಂಗಳದ ಕಡೆ ತಿರುಗಿಸಿ, ಎಂಜಿನ್ ಆರಿಸದೆ, ಬೆಳಗಿನವರೆಗೂ ಹೆಡ್‌ಲೈಟ್ ಹಾಕಿ ನಿಂತಿರಿ. ಕರಿದ ಮೀನು, ಬ್ರೆಡ್ಡು ತಿಂದಿರಿ. ದುಡ್ಡು ಮಾತ್ರ ಮುಟ್ಟಲಿಲ್ಲ. ‘ಸ್ಕೂಲಿಗೆ ಹೋಗುವಾಗ ಆಂಟಿ ನನಗೆ ಊಟ ಹಾಕಿದ್ದಾರೆ’ ಎಂದಿರಿ, ಅಷ್ಟೇ.

ಅತ್ತೆ ಹಾಗೇ ಅಲ್ವಾ! ಭಾನುವಾರ ತೆಂಗಿನ ಹಾಲಲ್ಲಿ ಅಕ್ಕಿ, ಕಾಳು ಬೇಯಿಸಿ ‘ರೈಸ್ ಅಂಡ್ ಪೀಸ್’ ಮಾಡಿದರೆ ಒಂದು ತಟ್ಟೆ ಜಾಸ್ತಿ ತೆಗೆದಿಡುತ್ತಿದ್ದರು. ಯಾರಿಗೆ ಅಂತ ಅವರಿಗೂ ಗೊತ್ತಿರುತ್ತಿರಲಿಲ್ಲ.

ಹೆಸರು ಕೇಳುವ ಮೊದಲೇ ಹೊರಟುಬಿಟ್ಟಿರಿ. ತುಂಬಾ ಥ್ಯಾಂಕ್ಸ್ ಅಣ್ಣಾ. ಭಾನುವಾರ ಬನ್ನಿ, ಆ ತಟ್ಟೆ ಈಗಲೂ ಇಡುತ್ತೇವೆ.